ಊರಿನ ಹಾಡಿಗೆ ಊರಿನದೇ ಮನೆ

ಲಂಡನ್ ಮಹಾನಗರದ ದಕ್ಷಿಣ ಭಾಗದಲ್ಲಿ ನನ್‌ಹೆಡ್ ಎಂಬುದೊಂದು ಬಡಾವಣೆ. ಅಲ್ಲಿಯ ‘ಐವಿ ಹೌಸ್’ ಎಂಬ ಹಳೆಯ ಪಾನಗೃಹವು ೧೯೭೦ರ ದಶಕದಲ್ಲಿ, ಬೇರೊಂದು ಹೆಸರಿನಿಂದ ನಡೆಯುತ್ತಿದ್ದ ಕಾಲದಲ್ಲಿಯೇ, ಹಾಡುಗಾರರ ಮೇಳಗಳಿಗೆ ಪ್ರಸಿದ್ಧವಾಗಿತ್ತು. ೨೦೧೨ರಲ್ಲಿ ಅದು ಬಾಗಿಲು ಮುಚ್ಚಿತು. ಕಟ್ಟಡವು ಭೂವ್ಯಾಪಾರದವರ ಪಾಲಾಗುವ ಹಾಗಾಯಿತು. ಇಂಗ್ಲೆಂಡಿನಲ್ಲಿ ೨೦೧೧ರಲ್ಲಿ ಆದ ಶಾಸನವೊಂದರ ಪ್ರಕಾರ, ಊರಿಗೆ ಉಪಯುಕ್ತವೆಂದು ಪಟ್ಟಿಯಲ್ಲಿ ಸೇರಿದ ಕಟ್ಟಡವು ಮಾರಾಟಕ್ಕೆ ಬಂದರೆ, ಹಣ ಕೂಡಿಸಿಕೊಳ್ಳಲು ಊರಿನವರು ಆರು ತಿಂಗಳ ಅವಧಿಯನ್ನು ಕೇಳಬಹುದು. ನೆರೆಹೊರೆಯವರು ಈ ಶಾಸನದ ಆಸರೆ ಹಿಡಿದರು. ಸಾಲ, ಸಹಾಯಧನಗಳ ಜೊತೆಗೆ ಷೇರುಗಳನ್ನೂ ಎತ್ತಿದರು. ೨೦೧೩ರಲ್ಲಿ ೩೭೧ ಮಂದಿ ಭಾಗಸ್ಥರಾಗಿ ಆ ಮನೆಯನ್ನು ತಮ್ಮದು ಮಾಡಿಕೊಂಡರು. ಮುಚ್ಚಿದ್ದ ಅಂಗಳದಲ್ಲಿ ಮತ್ತೆ ಹಾಡು ಕೇಳಿಸಿತು.

ಪಾನನಿರೋಧವನ್ನು ವ್ರತದಂತೆ ಎತ್ತಿಹಿಡಿಯಬೇಕಾದ ಪತ್ರಿಕೆಗೆ ಹೆಂಡದ ಮನೆಯ ಪುರಾಣವೇಕೆಂದು ವಾಚಕರು ಹುಬ್ಬೇರಿಸಬಹುದು. ಆ ವಿಷಯದಲ್ಲಿ ನಮ್ಮ ಅಭಿಪ್ರಾಯವು ಎಳ್ಳಷ್ಟೂ ಸಡಿಲವಾಗಿಲ್ಲ. ೧೯೩೯ರಲ್ಲಿ ಚಿತ್ರದುರ್ಗದ ಸೀಮೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಸೆರೆಮನೆಗೆ ನಡೆದ ಸತ್ಯಾಗ್ರಹಿಗಳ ಮಾತೇ ನಮ್ಮ ಮಾತು. ಸಂವಿಧಾನದ ೪೭ನೆಯ ಅನುಚ್ಛೇದವು ಸರ್ಕಾರಕ್ಕೆ ವಿಧಿಸಿದ ಕರ್ತವ್ಯವೂ ಅದೇ. ನನ್‌ಹೆಡ್ಡಿನ ಜನರ ಪಾನವು ಅವರಿಗಿರಲಿ. ನಾವು ಗಮನಿಸಬೇಕಾದುದು ಅವರ ಲೋಟವನ್ನಲ್ಲ, ಅವರ ಭಾಗಪತ್ರವನ್ನು. ಸಂಜೆ ನಾಲ್ಕು ಮಂದಿ ಕೂಡುವ ಸ್ಥಳವು ಯಾರ ಸೊತ್ತು ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಅದು ನಮ್ಮದೇ ಎಂದು ಕಾಸು ಕೊಟ್ಟು ಉತ್ತರ ಹೇಳಿದರು.

ನಮ್ಮ ದೇಶದ ಮದ್ಯದಂಗಡಿಯು ಎಂದಿಗೂ ಊರಿನದಾಗಿರಲಿಲ್ಲ. ಅಬ್ಕಾರಿಯ ಹರಾಜಿನಲ್ಲಿ ಕೂಗಿ ಹಿಡಿದ ಗುತ್ತಿಗೆದಾರನಿಗೆ ಅದರ ಲಾಭ, ಬೊಕ್ಕಸಕ್ಕೆ ಅದರ ವರಮಾನ, ಊರಿನ ಹೆಂಗಸರಿಗೆ ಅದರ ಕಣ್ಣೀರು. ೨೦೦೭ರ ಜುಲೈ ೧ರಿಂದ ಸಾರಾಯಿಯು ನಿಷಿದ್ಧವಾಯಿತು. ಸೀಸೆಯ ಬಣ್ಣ ಬದಲಾಯಿತೇ ಹೊರತು ಈ ಲೆಕ್ಕ ಬದಲಾಗಲಿಲ್ಲ. ಆದರೆ ಹಾಡಿನ ಸಂಗತಿ ಹಾಗಲ್ಲ. ಹಾಡು ಮಾತ್ರ ಬಹುಕಾಲದಿಂದ ಊರಿನ ಸೊತ್ತಾಗಿತ್ತು. ಇದಕ್ಕೆ ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳಿಗಿಂತ ಉತ್ತಮವಾದ ಸಾಕ್ಷಿ ಬೇಕಿಲ್ಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಅಲ್ಲಮಪ್ರಭುವಿನ ಊರು. ಆತನು ಮದ್ದಳೆಯ ಪ್ರವೀಣನಾಗಿದ್ದನೆಂಬ ಕಥೆಯನ್ನು ಕನ್ನಡಿಗರೆಲ್ಲರೂ ಕೇಳಿದ್ದಾರೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ೧೧೬೨ರ ಶಾಸನವೊಂದು ವರ್ಣಿಸುತ್ತದೆ. ವೇದ ವ್ಯಾಕರಣಗಳ ಪಾಠವೂ ರೋಗಿಗಳ ಚಿಕಿತ್ಸೆಯೂ ಅಲ್ಲಿ ನಡೆಯುತ್ತಿದ್ದುವು. ದೀನರು, ಕುಂಟರು, ಕುರುಡರು, ಕಿವುಡರು ಇವರಿಗೆ ನಿತ್ಯವೂ ಅನ್ನವಿಕ್ಕುತ್ತಿದ್ದುದಲ್ಲದೆ, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು ಇವರಿಗೂ ಅದೇ ಪಂಕ್ತಿಯಲ್ಲಿ ಅನ್ನವಿತ್ತು. ಹಾಡುಗಾರನ ಹೊಟ್ಟೆಯ ಭಾರವನ್ನು ಸಮಾಜವೇ ಹೊರಬೇಕೆಂಬುದು ಈ ನೆಲಕ್ಕೆ ಎಂಟುನೂರು ವರ್ಷಗಳಿಗೂ ಹಿಂದೆಯೇ ಗೊತ್ತಿದ್ದ ನೀತಿ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ದೀಪಾವಳಿಯ ರಾತ್ರಿಗಳಲ್ಲಿ ಸೊರಬದ ಹಳ್ಳಿಗಳಿಗೆ ಹೋಗಿ ನೋಡಿ. ದೇವರ ಗುಡಿಯಲ್ಲಿ ಹೊತ್ತಿಸಿಕೊಂಡ ದೀಪವನ್ನು ಹಿಡಿದು, ಅಂಟಿಗೆ ಪಂಟಿಗೆಯವರು ಹಾಡುತ್ತಾ ಮನೆಮನೆಗೂ ಬರುತ್ತಾರೆ. ಮನೆಯೊಡತಿಯು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ, ಕಾಯಿ, ಕಾಣಿಕೆಗಳನ್ನು ಕೊಡುತ್ತಾಳೆ. ಸುತ್ತು ಮುಗಿಯುವವರೆಗೂ ದೀಪ ಆರಕೂಡದು. ಕೂಡಿದ ಪದಾರ್ಥದಲ್ಲಿ ಕೊನೆಗೆ ಎಲ್ಲರೂ ಸೇರಿ ಊಟ ಮಾಡುತ್ತಾರೆ. ಹಾಡಿಗೆ ಹಣದ ಸೋಂಕು ತಗಲಬಾರದೆನ್ನುವವರು ಈ ಪದ್ಧತಿಯನ್ನು ಚೆನ್ನಾಗಿ ವಿಚಾರಿಸಬೇಕು. ಹಾಡು ಎಂದೂ ಪುಕ್ಕಟೆಯಾಗಿರಲಿಲ್ಲ. ಪ್ರತಿಯೊಂದು ಮನೆಯೂ ಎರೆದ ಒಂದು ಹುಟ್ಟು ಎಣ್ಣೆಯೇ ಅದರ ಷೇರು. ನನ್‌ಹೆಡ್ಡಿನವರು ಕಾಗದದ ಮೇಲೆ ಬರೆದುದನ್ನು ನಮ್ಮವರು ದೀಪದಲ್ಲಿ ಬರೆದಿದ್ದರು.

ಈಗ ಆ ಎಣ್ಣೆಯು ಬತ್ತುತ್ತಿದೆ. ಈ ಸೀಮೆಯ ಡೊಳ್ಳಿನ ಮೇಳಗಳನ್ನು ದೂರದ ನಗರಗಳ ಮೆರವಣಿಗೆಗೆ ಕರೆಯುವವರುಂಟು. ಸ್ವಂತ ಊರಿನಲ್ಲಿ ಅವರು ಸಂಜೆ ಕುಳಿತು ಅಭ್ಯಾಸ ಮಾಡುವುದಕ್ಕೆ ಒಂದು ಜಗಲಿಯಿಲ್ಲ. ಹಾಡುವ ಮುದುಕರು ಇದ್ದಾರೆ, ಕಲಿಯಬೇಕೆಂಬ ಹುಡುಗರೂ ಕೆಲವರಿದ್ದಾರೆ. ಇವರಿಬ್ಬರೂ ಸಂಧಿಸುವ ಸ್ಥಳವಿಲ್ಲ. ಸಮುದಾಯ ಭವನಗಳಿಲ್ಲವೇ ಎಂದು ಅಧಿಕಾರಿಗಳು ಕೇಳಬಹುದು. ಉಂಟು, ಆದರೆ ಎಷ್ಟೋ ಕಡೆ ಅವಕ್ಕೆ ಬೀಗವೂ ಉಂಟು. ಮದುವೆಯ ದಿನ ತೆರೆದು, ಮರುದಿನ ಮುಚ್ಚುವ ಮನೆಯನ್ನು ಸಮುದಾಯದ್ದೆಂದು ಕರೆಯುವುದು ಹೇಗೆ? ಸರ್ಕಾರವು ಕಟ್ಟಿಸಿಕೊಟ್ಟ ಗೋಡೆಯಲ್ಲಿ ಊರಿನವನ ಒಂದು ಕಾಸೂ ಇಲ್ಲದಿದ್ದರೆ, ಅದರ ಸೂರು ಸೋರಿದಾಗ ಅವನ ಎದೆ ನೋಯುವುದಿಲ್ಲ. ಊರು ಕೂಡಲು ಮನೆಯಿಲ್ಲದ ಕಡೆ ಸಂಜೆಯ ದೀಪ ಉರಿಯುವುದು ಮದ್ಯದಂಗಡಿಯಲ್ಲಿ ಮಾತ್ರ. ಬರಿಯ ನಿಷೇಧದಿಂದ ಆ ಅಂಗಡಿಯನ್ನು ಗೆಲ್ಲಲಾಗದು. ಅದಕ್ಕಿಂತ ಹಿತವಾದ ಇನ್ನೊಂದು ಬಾಗಿಲನ್ನು ತೆರೆದಿಟ್ಟರೇನೇ ಗೆಲುವು.

ಕೂಡಿ ಒಡೆತನ ನಡೆಸುವುದು ನಮಗೆ ಹೊಸತಲ್ಲ. ೧೯೦೫ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘವು ಸ್ಥಾಪಿತವಾಯಿತು. ಶಿವಮೊಗ್ಗೆಯಲ್ಲಿ ೧೯೩೯ರಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರು ಮಾರಾಟದ ಸಂಘವನ್ನು ಕಟ್ಟಿಕೊಂಡರು. ಅಡಿಕೆಗೆ ಸಂಘ ಕಟ್ಟಬಲ್ಲವರು ಹಾಡಿಗೆ ಕಟ್ಟಲಾರರೇ? ಕಟ್ಟಿದವರೂ ಇದ್ದಾರೆ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಊರಿನವರು ಗ್ರಾಮದೇವರ ಹೆಸರಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಆರಂಭಿಸಿದರು. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಅದು ಬೆಳೆದು, ೧೯೮೦ರಲ್ಲಿ ರಂಗಶಿಕ್ಷಣದ ಶಾಲೆಯನ್ನು ತೆರೆಯಿತು. ೧೯೮೫ರಲ್ಲಿ ತಿರುಗಾಟದ ಮೇಳವನ್ನು ನಾಡಿನ ಮೇಲೆ ಕಳುಹಿಸಿತು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ಬಂದಿತು. ಒಂದು ಹಳ್ಳಿಯು ತನ್ನ ಸಂಜೆಯನ್ನು ತಾನೇ ಆಳಿಕೊಂಡುದರ ಫಲವಿದು.

ಆದಕಾರಣ ಶಿಕಾರಿಪುರ, ಸೊರಬ ತಾಲ್ಲೂಕುಗಳ ಮಹಾಜನರಲ್ಲಿ ನಮ್ಮ ಅರಿಕೆಯಿಷ್ಟೆ. ಮೊದಲು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಒಂದೊಂದು ಊರು ಮುಂದೆ ಬರಲಿ. ಮನೆಗೊಂದು ಷೇರು, ಷೇರು ಎಷ್ಟಾದರೂ ಆಳಿಗೊಂದೇ ಮತ. ಹಣವಿಲ್ಲದವನು ಭತ್ತವನ್ನೋ ಎರಡು ದಿನದ ಮೈಗೆಲಸವನ್ನೋ ಕೊಡಲಿ. ಪಂಚಾಯಿತಿಯವರು ಬೀಗ ಬಿದ್ದ ಭವನವನ್ನು ಸಂಘಕ್ಕೆ ಒಪ್ಪಿಸಲಿ. ಸಂತೆಯ ದಿನ ಅಲ್ಲಿ ಕಾಫಿ, ತಿಂಡಿ, ಪತ್ರಿಕೆಗಳಿರಲಿ. ಅದರ ಉಳಿತಾಯದಿಂದ ಹಾಡುಗಾರನಿಗೆ ಗೌರವಧನ ಸಲ್ಲಲಿ. ಮದ್ಯವು ಹೊಸ್ತಿಲನ್ನು ದಾಟಕೂಡದು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ಹಿಂದಿನ ಪದ್ಧತಿಯನ್ನು ಹೊಗಳಿದೆವೆಂದು ಅದರ ದೋಷವನ್ನು ಮರೆಯಲಾಗದು. ದೀಪವು ಊರೆಲ್ಲ ತಿರುಗಿದರೂ ಕೆಲವು ಕೇರಿಗಳನ್ನು ಹೊರಗಿಟ್ಟು ಬದುಕಿದ ಊರು ನಮ್ಮದು. ಹೆಂಗಸರು ಹಾಡನ್ನು ಕಾಪಾಡಿದರೂ ಸಭೆಯಲ್ಲಿ ಅವರಿಗೆ ಮಣೆ ಹಾಕಲಿಲ್ಲ. ಹೊಸ ಮನೆಯಲ್ಲಿ ಇವರೆಲ್ಲರೂ ಕೇಳುಗರಾಗಿ ಮಾತ್ರವಲ್ಲ, ಭಾಗಸ್ಥರಾಗಿ ಕುಳಿತುಕೊಳ್ಳಬೇಕು. ಇಲ್ಲವಾದರೆ ಅದೂ ಗುತ್ತಿಗೆದಾರನ ಅಂಗಡಿಯೇ. ಗುತ್ತಿಗೆದಾರನ ಹೆಸರು ಮಾತ್ರ ಬೇರೆ.

೧೯೪೨ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಊರು ತಮ್ಮದೆಂದು ಸಾರಿದರು. ಅದಕ್ಕಾಗಿ ಮರುವರ್ಷ ಐವರು ನೇಣುಗಂಬವೇರಿದರು. ಆ ಮಾತಿನ ಬೆಲೆಯನ್ನು ಅವರು ಪ್ರಾಣದಿಂದ ತೆತ್ತರು. ನಮ್ಮಿಂದ ಇಂದು ಯಾರೂ ಪ್ರಾಣವನ್ನು ಕೇಳುತ್ತಿಲ್ಲ. ಸಂಜೆಯ ಒಂದು ಗಳಿಗೆ, ಕೈಲಾದಷ್ಟು ಕಾಸು, ಒಂದು ಹುಟ್ಟು ಎಣ್ಣೆ ಇಷ್ಟನ್ನು ಮಾತ್ರ ಕೇಳಲಾಗಿದೆ. ಬಲಿಪಾಡ್ಯಮಿಯ ರಾತ್ರಿ ಹಾಡು ಬಾಗಿಲಿಗೆ ಬಂದಾಗ, ಕೊಟ್ಟು ಕಳುಹಿಸಿ ಕದವಿಕ್ಕುವುದು ಸಾಲದು. ಮರುದಿನ ಬೆಳಗ್ಗೆ ಊರಿನ ಕಟ್ಟೆಯಲ್ಲಿ ಕೂಡಿ, ಆ ಹಾಡಿಗೆ ಒಂದು ಮನೆಯನ್ನು ಗೊತ್ತುಮಾಡಬೇಕು.