ಸುಣ್ಣಗಲ್ಲಿನ ನೀರು, ಚೀನಾದ ಚಹಾ

ಶಹಾಬಾದಿನ ಮನೆಗಳಲ್ಲಿ ನೆಲ ಕಲ್ಲು, ಕಟ್ಟೆ ಕಲ್ಲು, ಅಡುಗೆಮನೆಯ ಒಲೆಕಟ್ಟೆಯೂ ಕಲ್ಲು. ಊರಿನ ಹೆಸರಿನಲ್ಲೇ ದೂರದೂರಕ್ಕೆ ಮಾರಾಟವಾಗುವ ಈ ಪರಸಿ, ಭೀಮಾ ಕೊಳ್ಳದ ಸುಣ್ಣಗಲ್ಲು. ವಾಡಿ, ಸೇಡಂ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ಎದ್ದಿರುವುದೂ ಇದೇ ಕಲ್ಲನ್ನು ನಂಬಿ. ಬೋರಿನ ನೀರಿನಲ್ಲೂ ಅದು ಕರಗಿ ಬರುತ್ತದೆ. ನೀರು ಕಾಯಿಸುವ ಪಾತೆಲಿಯ ತಳ ಕೆರೆದರೆ ಉಗುರಿಗೆ ಬಿಳಿ ಹಿಟ್ಟು ಹತ್ತುತ್ತದೆ.

ಅಂಥದೊಂದು ಒಲೆಕಟ್ಟೆಯ ಮೇಲೆ ಕೀಮುನ್ ಚಹಾದ ಪೊಟ್ಟಣ ಬಿಚ್ಚಿದೆವು. ಚೀನಾದ ಅನ್ಹುಯಿ ಪ್ರಾಂತ್ಯದ ಚಿಮೆನ್ ಸೀಮೆಯ ಎಲೆ ಇದು. ಅಲ್ಲಿ ಕಪ್ಪು ಚಹಾ ಮಾಡತೊಡಗಿದ್ದು 1875ರ ಸುಮಾರಿಗೆ. ಸಣ್ಣಗೆ, ಬಿಗಿಯಾಗಿ ಹೊಸೆದ ಕರಿ ಎಳೆಗಳು. ಮೂಗಿನ ಹತ್ತಿರ ಹಿಡಿದರೆ ಹೂವಿನ ಕಂಪು, ಅದರ ಹಿಂದೆ ಕೋಕೋದ ಘಮ, ತುಸುವೇ ಹೊಗೆ.

ಎರಡು ಗಾಜಿನ ಲೋಟಗಳಿಗೆ ಸರಿಸಮ ಎಲೆ, ಒಂದೊಂದು ಚಮಚದಷ್ಟು. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಕ್ಯಾನಿನ ಫಿಲ್ಟರ್ ನೀರು. ಎರಡನ್ನೂ ಕುದಿ ಬಂದೊಡನೆ ಇಳಿಸಿ, ತುಸು ತಣಿಸಿ ಸುರಿದು, ಮೂರು ನಿಮಿಷ ಮುಚ್ಚಿಟ್ಟು ಸೋಸಿದೆವು. ಫಿಲ್ಟರ್ ನೀರಿನದು ತಿಳಿಗೆಂಪು. ಅಂಚಿನಲ್ಲಿ ಹೊನ್ನಿನ ಹೊಳಪು. ಬಾಯಿಗೆ ಮೆತ್ತಗೆ, ಗುಟುಕು ಇಳಿದ ಮೇಲೂ ಸಿಹಿ ಉಳಿಯುತ್ತದೆ. ಬೋರಿನ ನೀರಿನದು ಮಬ್ಬು ಕಂದು. ತುಸು ಹೊತ್ತಿಗೆ ಮೇಲೆ ತೆಳ್ಳನೆಯ ಪದರು ಕಟ್ಟಿತು; ಲೋಟ ಓರೆ ಮಾಡಿದರೆ ಅದು ಹರಿದು ಗಾಜಿಗೆ ಮೆತ್ತಿತು. ಕಂಪು ಕುಂದಿತ್ತು, ರುಚಿ ಚಪ್ಪಟೆ.

“ಹಾಲು ಹಾಕಂಗಿಲ್ಲೇನ್ರಿ? ಹಂಗಿದ್ರ ನಿಂಬಿಹಣ್ಣರ ಹಿಂಡ್ರಿ,” ಎಂದರು ಮನೆಯವ್ವ. ನಾಲ್ಕು ಹನಿ ಬೀಳುತ್ತಲೇ ಪದರು ಕರಗಿ, ಕಂದು ಹೋಗಿ ಕೆಂಪು ತಿಳಿಯಾಯಿತು. ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೋನೇಟ್ ಚಹಾದ ಒಗರಿನೊಂದಿಗೆ, ಗಾಳಿಯ ಆಮ್ಲಜನಕದೊಂದಿಗೆ ಕೂಡಿದಾಗ ಆ ಪದರು ಹುಟ್ಟುತ್ತದೆ. ಹುಳಿ ಅದನ್ನು ಕಟ್ಟಗೊಡುವುದಿಲ್ಲ. ಬಣ್ಣ ತಿಳಿಯಾಗುವುದೂ ಹುಳಿಯಿಂದಲೇ. ಮದುವೆಯ ಬಿರಿಯಾನಿ ಊಟದ ನಂತರ ಈ ಸೀಮೆಯಲ್ಲಿ ಕೊಡುವ ಸುಲೇಮಾನಿ ಚಹಾದ ನಿಂಬೆ ಈ ನೀರಿಗೆ ಹೇಳಿ ಮಾಡಿಸಿದ್ದು.

ಈ ಸೀಮೆಯ ಹೋಟೆಲಿನ ಚಾದ ಕತೆಯೇ ಬೇರೆ. ಸಿಕಂದರಾಬಾದಿನಿಂದ ನಿಜಾಮರ ರೈಲು 1874ರಲ್ಲಿ ವಾಡಿಗೆ ಬಂದು ಮುಂಬೈ–ಮದ್ರಾಸ್ ಹಳಿಗೆ ಸೇರಿತು. ಸೇಡಂ, ಚಿತ್ತಾಪುರ ಅದೇ ದಾರಿಯ ನಿಲ್ದಾಣಗಳು. ಚಿಂಚೋಳಿಗೆ ಮಾತ್ರ ಇಂದಿಗೂ ಬಸ್ಸೇ ಗತಿ. ಸ್ಟೇಶನ್ನಿರಲಿ, ಬಸ್ ಸ್ಟ್ಯಾಂಡಿರಲಿ, ಈ ಊರುಗಳ ಹೋಟೆಲಿನ ಚಾ ದೀರ್ಘ ಕುದಿಯದು: ಹರಳು ಚಹಾಪುಡಿ, ಶುಂಠಿ, ಹಾಲು, ಧಾರಾಳ ಸಕ್ಕರೆ. ಗಡುಸು ನೀರಿಗೂ ಜಗ್ಗದ ಚಹಾ ಅದು. ಕೀಮುನ್‌ನಂಥ ನವಿರು ಎಲೆಗೆ ಆ ಕಸುವಿಲ್ಲ. ಒಂದು ಲೋಟದಲ್ಲಿ ಎಲೆಗಿಂತ ನೀರೇ ಹೆಚ್ಚು. ದೂರದ ಚಹಾ ತರಿಸುವವರು ಮೊದಲು ತಮ್ಮೂರ ನೀರಿನ ರುಚಿ ನೋಡಲಿ. ಕೊಟ್ಟ ಹಣ ಆಗ ಸಾರ್ಥಕ.