ದೂರು ಬೇರೆ, ಕಥೆ ಬೇರೆ: ಹಾಸ್ಟೆಲ್ ಮಕ್ಕಳ ಬರವಣಿಗೆ ಕುರಿತು

ದಲಿತ ಸಾಹಿತ್ಯದ ಬಲ ಇರುವುದು ಅನುಭವದಲ್ಲಿ ಎಂದು ನಮ್ಮ ವಿಮರ್ಶೆ ಮತ್ತೆ ಮತ್ತೆ ಹೇಳುತ್ತ ಬಂದಿದೆ. ಮಾತು ಸುಳ್ಳಲ್ಲ. 1978ರಲ್ಲಿ ಮರಾಠಿಯ ದಯಾ ಪವಾರರ ‘ಬಲುತ’, 1992ರಲ್ಲಿ ತಮಿಳಿನ ಬಾಮಾ ಅವರ ‘ಕರುಕ್ಕು’, 1994ರಲ್ಲಿ ನಮ್ಮ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದ ಮೇಲೆ, ಸ್ವಂತ ಬದುಕನ್ನು ಹೇಳಿಕೊಳ್ಳುವುದೇ ಒಂದು ರಾಜಕೀಯ ಕ್ರಿಯೆ ಅನ್ನೋದು ಎಲ್ಲರಿಗೂ ಮನದಟ್ಟಾಗಿದೆ. ಆದರೆ ಇದೇ ಮಾತು ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರ ಎದುರು ಬಂದಾಗ ಆಜ್ಞೆಯಾಗಿಬಿಡುತ್ತದೆ. “ನಿಂಗಾದ ಅವಮಾನ ಬರಿಯಪ್ಪ” ಅಂತ ಶಿಬಿರದವರು ಕಾಗದ ಕೊಡ್ತಾರೆ. ಬರೆದದ್ದನ್ನು ಓದಿಸಿ ಕಣ್ಣೊರೆಸಿಕೊಳ್ತಾರೆ, ಚಪ್ಪಾಳೆ ಹೊಡೀತಾರೆ. ಮಾರನೇ ದಿನ ಆ ಮಗು ಅದೇ ಊರಿಗೆ, ಅದೇ ಕ್ಲಾಸಿಗೆ ವಾಪಸ್ ಹೋಗಬೇಕು. ಅದರ ಜೊತೆ ಹೋಗುವವರು ಯಾರೂ ಇರೋಲ್ಲ.

ಕೆಲವು ವರ್ಷಗಳಿಂದ ನಾನು ಭಾನುವಾರಗಳಲ್ಲಿ ಹಾಸ್ಟೆಲ್ ಮಕ್ಕಳ ಜೊತೆ ಕೂತು ಕಥೆ ಬರೆಸುತ್ತಿದ್ದೇನೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನವರು. ಹೇಳಿಕೊಳ್ಳುವ ಹಕ್ಕು ಈ ಮಕ್ಕಳಿಗೆ ಬೇಕು, ನಿಜ. ಅಷ್ಟೇ ಮುಖ್ಯವಾಗಿ ಅವರಿಗೆ ಬೇಕಾಗಿರುವುದು ಬದಲಾಯಿಸುವ ಹಕ್ಕು. ಕಥೆ ಕೊಡುವುದು ಅದನ್ನೇ.

ಮೊದಲು ದೂರಿಗೂ ಕಥೆಗೂ ಇರುವ ವ್ಯತ್ಯಾಸ ತಿಳಿಸಬೇಕು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡುವಾಗ ಯಾರು, ಎಲ್ಲಿ, ಯಾವತ್ತು, ಏನಂದರು, ಯಾರು ನೋಡಿದರು ಎಲ್ಲವೂ ನಡೆದ ಹಾಗೇ ಇರಬೇಕು. ಒಂದು ಹೆಸರು ಬದಲಾದರೂ ಕೇಸು ಸಡಿಲವಾಗುತ್ತದೆ. ಕಥೆಗೆ ಈ ಕಟ್ಟುಪಾಡಿಲ್ಲ. ಹಾಗಂತ ದೂರಿನ ಜಾಗದಲ್ಲಿ ಕಥೆ ಇಡಬಾರದು. ಬರೆಯುತ್ತ ಬರೆಯುತ್ತ ಒಂದು ಮಗು ತನ್ನ ಮೈಮೇಲೆ ಈಗಲೂ ನಡೆಯುತ್ತಿರುವ ಹಿಂಸೆಯನ್ನು ಹೊರಗೆ ಹಾಕಿತೆನ್ನಿ. ಆಗ ಕಥೆಯನ್ನು ಪಕ್ಕಕ್ಕಿಡಿ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ತಿಳಿಸಲೇಬೇಕು. ಅದನ್ನು ‘ಒಳ್ಳೇ ವಸ್ತು’ ಅಂತ ತಿದ್ದಿ ಅಚ್ಚಿಗೆ ಕಳಿಸುವುದು ದ್ರೋಹ.

ಇನ್ನು ಬರೆಸುವ ಕೆಲಸ. ದೊಡ್ಡ ನೋವು ಯಾವುದು ಅಂತ ನಾನು ಕೇಳುವುದಿಲ್ಲ. ಒಂದು ವಸ್ತು ಹೇಳು ಅಂತೀನಿ. ಟ್ರಂಕು, ಊಟದ ತಟ್ಟೆ, ಅಪ್ಪನ ಚಪ್ಪಲಿ, ಸ್ಕಾಲರ್‌ಶಿಪ್ ಫಾರಂ, ಯಾವುದಾದರೂ ಆದೀತು. ಒಬ್ಬ ಹುಡುಗ ಹೋಟೆಲಿನ ಬೇರೆ ಲೋಟದ ಬಗ್ಗೆ ಬರೆದು ತಂದ. “ಅಸ್ಪೃಶ್ಯತೆಯು ನಮ್ಮ ಸಮಾಜಕ್ಕೆ ಅಂಟಿದ ಪಿಡುಗಾಗಿದೆ” ಎಂದು ಶುರು. ಎಲ್ಲರೂ ಒಂದಾಗಿ ಬಾಳಬೇಕು ಎಂದು ಮುಕ್ತಾಯ. ನಡುವೆ ಲೋಟವೇ ಇಲ್ಲ! ಅದು ಪಠ್ಯಪುಸ್ತಕದ ಭಾಷೆ, ಅವನದಲ್ಲ. ಲೋಟ ಎಲ್ಲಿರ್ತಿತ್ತು ಅಂತ ಕೇಳಿದೆ. “ಹೊರಗಡೆ ಗೋಡೆ ಮ್ಯಾಲೆ ಸಾ.” ಮಳೆ ಬಂದ್ರೆ? “ನೀರು ತುಂಬ್ಕಂಡಿರದು. ಚೆಲ್ಲಿ, ಅದ್ರಲ್ಲೇ ಟೀ ಹುಯ್ಯಿಸ್ಕಬೇಕು.” ಈ ಮಳೆನೀರು ಯಾವ ವರದಿಯಲ್ಲೂ ಸಿಗುವುದಿಲ್ಲ. ಆ ಲೋಟ ಹಿಡಿದ ಕೈಗೇ ಗೊತ್ತಿರುವ ಸಂಗತಿ ಅದು.

ಎರಡನೆಯದು, ‘ನಾನು’ ಎಂಬುದನ್ನು ಕಿತ್ತುಹಾಕಿ ‘ಅವನು’ ಅಥವಾ ‘ಅವಳು’ ಅಂತ ಬರೆಯುವುದು. ಊರಿನ ಹೆಸರು, ವಯಸ್ಸು, ಆಗಿದ್ದರೆ ಗಂಡು ಹೆಣ್ಣು ಕೂಡ ಬದಲಾಗಲಿ. ಇದರಿಂದ ಎರಡು ಲಾಭ. ಬರೆದವರಿಗೆ ರಕ್ಷಣೆ ಸಿಗುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಅವರು ಬರೆದದ್ದನ್ನು ಮನೆಯವರೂ ಓದ್ತಾರೆ, ಊರೂ ಓದುತ್ತೆ. ಜೊತೆಗೆ, ತನ್ನನ್ನೇ ಸ್ವಲ್ಪ ದೂರದಲ್ಲಿ ನಿಂತು ನೋಡುವುದು ಸಾಧ್ಯವಾಗುತ್ತದೆ.

ಮೂರನೆಯದು, “ಆಗಿದ್ದು ಇಷ್ಟು, ಇನ್ನೇನು ಆಗಬಹುದಿತ್ತು?” ಎಂಬ ಪ್ರಶ್ನೆ. ಲೋಟದ ಹುಡುಗ ಎರಡು ವಾರ ತಗೊಂಡ. ಅವನ ಕಥೆಯೊಳಗಿನ ಹುಡುಗ ರಾತ್ರಿ ಹೋಗಿ ಗೋಡೆ ಮೇಲಿನ ಲೋಟ ತೊಳೆದು, ಒಳಗಿನ ಲೋಟಗಳ ಸಾಲಿಗೆ ಸೇರಿಸಿ ಬರುತ್ತಾನೆ. ಬೆಳಿಗ್ಗೆ ಹೋಟೆಲಿನವನು ಸಾಲಿನ ಮುಂದೆ ನಿಂತಿದ್ದಾನೆ. ಯಾವುದು ಅವರದು, ಯಾವುದು ಇವರದು, ಗೊತ್ತಾಗ್ತಿಲ್ಲ. ಕಥೆ ಅಲ್ಲಿಗೆ ನಿಲ್ಲುತ್ತದೆ. “ಇದು ನಡೆದದ್ದಾ?” ಅಂತ ಪಕ್ಕದ ಹುಡುಗಿ ಕೇಳಿದಳು. “ಇಲ್ಲ, ನಡೀಬೇಕಾಗಿದ್ದು” ಅಂದ.

ನಾಲ್ಕನೆಯದು ಭಾಷೆ. ಮನೇಲಿ ಆಡುವ ಮಾತನ್ನು ಹಾಗೇ ಬರೆಯಲಿ, ಕಾಗುಣಿತ ಕೊನೆಯಲ್ಲಿ ನೋಡಿಕೊಳ್ಳೋಣ. ಆಡುಮಾತು ಹಾಸ್ಯಪಾತ್ರಕ್ಕೆ ಮಾತ್ರ ಅಂತ ಶಾಲೆ ಕಲಿಸಿರುತ್ತದೆ. ಅದೇ ಮಾತಿನಲ್ಲಿ ಕಟ್ಟಿದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂದಾಗ ಮಕ್ಕಳ ಕಣ್ಣು ಅರಳುತ್ತವೆ. ಆ ಕೃತಿಯಲ್ಲಿ ಜೋತಮ್ಮಗಳು ಸೇರಿ ಮಾತಾಡುತ್ತಾವೆ. ಅದು ಯಾರ ‘ಅನುಭವ’? ‘ಒಡಲಾಳ’ದ ಸಾಕವ್ವ ಹುಡುಕುವುದು ಕಳೆದುಹೋದ ಹುಂಜವನ್ನು. ಹಸಿವು, ಜಾತಿ, ಪೊಲೀಸು ಎಲ್ಲ ಆ ಹುಡುಕಾಟದ ಸುತ್ತಲೇ ಬರುತ್ತವೆ. ದೇವನೂರ ಮಹಾದೇವ ಅವರನ್ನು ಮಕ್ಕಳ ಮುಂದಿಡುವುದಾದರೆ ಕಟ್ಟುವ ಈ ಬಗೆಯನ್ನೂ ತೋರಿಸಬೇಕು.

ಸಂಘಟನೆಯ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ: “ನಾವು ನಿಜ ಹೇಳಿದರೇ ಜನ ನಂಬೋಲ್ಲ, ಇನ್ನು ಕಲ್ಪಿಸಿಕೊಂಡು ಬರೆದರೆ ಎಲ್ಲಾನೂ ಸುಳ್ಳು ಅಂತಾರೆ.” ಈ ಭಯಕ್ಕೆ ಕಾರಣವಿದೆ. ಆದರೆ ಇದನ್ನು ಒಪ್ಪಿಕೊಂಡರೆ ನಾವು ಶಾಶ್ವತವಾಗಿ ಸಾಕ್ಷಿಕಟ್ಟೆಯಲ್ಲೇ ನಿಲ್ಲಬೇಕಾಗುತ್ತದೆ. ದಲಿತರು ಅನುಭವ ಒದಗಿಸುವವರು, ಸಿದ್ಧಾಂತ ಕಟ್ಟುವವರು ಬೇರೆಯವರು ಎಂಬ ಹಂಚಿಕೆಯನ್ನು ಸಮಾಜವಿಜ್ಞಾನದ ಸಂದರ್ಭದಲ್ಲಿ ಗೋಪಾಲ್ ಗುರು 2002ರಲ್ಲೇ ಪ್ರಶ್ನಿಸಿದರು. ಸಾಹಿತ್ಯದಲ್ಲೂ ಇದೇ ಹಂಚಿಕೆ ಇದೆ: ಹಸಿಹಸಿ ಬದುಕು ನಮ್ಮದು, ಕಲೆ ಅವರದು. ‘ಹಸಿ’ ಎಂಬ ಹೊಗಳಿಕೆಯೊಳಗೆ ‘ಇವರಿಗೆ ಬೇಯಿಸಲು ಬರೋಲ್ಲ’ ಎಂಬ ಮಾತೂ ಅಡಗಿದೆ. ಗೋಡೆ ಮೇಲಿನ ಮಳೆನೀರು ನಿಜವಾಗಿದ್ದರೆ, ರಾತ್ರಿ ಹೋಗಿ ಲೋಟ ಬದಲಿಸಿದ್ದೂ ನಿಜವೇ.

ಕೊನೆಗೆ ಎರಡು ಮಾತು. ಮಕ್ಕಳಿಗೆ ಬರೆಯದೇ ಇರುವ ಹಕ್ಕೂ ಇದೆ. “ಇದನ್ನ ಯಾರ್ಗೂ ತೋರ್ಸಲ್ಲ” ಅಂದರೆ ಹಾಳೆ ಅವರ ಟ್ರಂಕಿನಲ್ಲೇ ಇರಲಿ. ಹಾಗೆಯೇ ದಲಿತ ಮಗುವಿನ ಕಥೆಯಲ್ಲಿ ನೋವೇ ಇರಬೇಕೆಂದು ಹಟ ಹಿಡಿಯಬೇಡಿ. ಒಬ್ಬ ಹುಡುಗಿ ಪೂರ್ತಿ ನಾಲ್ಕು ಪುಟ ತನ್ನಜ್ಜಿಯ ಮೀನು ಹಿಡಿಯುವ ಚಾಲಾಕಿತನದ ಮೇಲೆ ಬರೆದಳು. ಅದರಲ್ಲಿ ಜಾತಿ ಎಂಬ ಪದವೇ ಇಲ್ಲ. ನಮ್ಮ ವಿಮರ್ಶೆ ಆ ನಾಲ್ಕು ಪುಟವನ್ನೂ ದಲಿತ ಸಾಹಿತ್ಯ ಎಂದು ಓದಲು ಕಲಿಯಬೇಕಾಗಿದೆ.