ರಾತ್ರಿಯ ಊಟಕ್ಕೆ ಬೆಳಗಿನ ಸಿದ್ಧತೆ

ಕನಮಡಿ, ತಿಕೋಟಾ, ಬಬಲೇಶ್ವರ ಭಾಗದ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತು ಕಳೆದ ಕೆಲವು ದಶಕಗಳಲ್ಲಿ ಬಹಳ ಮುಂದೆ ಸರಿದಿದೆ. ಮಳೆಯನ್ನೇ ನಂಬಿ ಹಿಂಗಾರಿ ಜೋಳ ಬೆಳೆಯುತ್ತಿದ್ದ ಕಾಲದಲ್ಲಿ ದೀಪ ಹಚ್ಚುವ ವೇಳೆಗೆ ಹೊಲದವರೆಲ್ಲ ಮನೆ ಸೇರುತ್ತಿದ್ದರು. ಈಗ ದ್ರಾಕ್ಷಿ ತೋಟಗಳಿವೆ, ಒಣದ್ರಾಕ್ಷಿಯ ಶೆಡ್ಡುಗಳಿವೆ, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಈ ಬರದ ನೆಲಕ್ಕೆ ಕೃಷ್ಣೆಯ ನೀರೂ ಬಂದಿದೆ. ಇದು ಸಂತೋಷದ ಸಂಗತಿ. ಆದರೆ ನೀರಿನೊಡನೆ ದುಡಿಮೆಯೂ ಹೆಚ್ಚಿತು. ಚಾಟಣಿಯ ದಿನಗಳಲ್ಲಿ, ಹಣ್ಣು ಕೊಯ್ಯುವ ದಿನಗಳಲ್ಲಿ ತೋಟದಿಂದ ಮರಳುವಾಗ ಏಳೂವರೆ ಗಂಟೆ. ವಿಜಯಪುರದಲ್ಲಿ ನೌಕರಿ ಮಾಡಿ ಬಸ್ಸಿನಲ್ಲಿ ಬರುವವರ ಸ್ಥಿತಿಯೂ ಬೇರೆಯಲ್ಲ. ಎಂಟಕ್ಕೆ ಒಲೆ ಹೊತ್ತಿದರೆ ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ.

ಇದರ ಫಲವನ್ನು ನಾವು ವೈದ್ಯರು ಬೆಳಗಿನ ಹೊತ್ತಿನಲ್ಲಿ ಕಾಣುತ್ತೇವೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ. ಮಾತ್ರೆ ನುಂಗುತ್ತಿದ್ದರೂ ಬರಿಹೊಟ್ಟೆಯ ಸಕ್ಕರೆ ಇಳಿಯಲಿಲ್ಲವೆಂಬ ದೂರು. "ರಾತ್ರಿ ಎಷ್ಟು ಗಂಟೆಗೆ ಉಂಡಿರಿ?" ಎಂದು ಕೇಳಿದರೆ ಯಜಮಾನರು "ಒಂಬತ್ತಕ್ಕರೀ" ಎನ್ನುತ್ತಾರೆ. ಪಕ್ಕದಲ್ಲಿ ಕುಳಿತ ತಾಯಿ ಸುಮ್ಮನಿರುತ್ತಾರೆ. ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಕೊಟ್ಟು, ಒಲೆ ಒರೆಸಿ, ಅವರು ಉಣ್ಣಲು ಕುಳಿತದ್ದು ಹತ್ತಕ್ಕೆ. ಮನೆಯಲ್ಲಿ ಅತ್ಯಂತ ತಡವಾಗಿ ಉಣ್ಣುವವರು ಅಡುಗೆ ಮಾಡಿದವರೇ ಆಗಿರುವುದು ನಮ್ಮ ಮನೆಗಳ ಹಳೆಯ ರೂಢಿ. ಅದರ ಬೆಲೆಯನ್ನು ಅವರ ದೇಹವೇ ತೆರುತ್ತಿದೆ.

ಆಯುರ್ವೇದವು ಆಹಾರವನ್ನು ಜಠರಾಗ್ನಿಯ ಬಲಕ್ಕೆ ತಕ್ಕಂತೆ ಸೇವಿಸಬೇಕೆನ್ನುತ್ತದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಹೊಟ್ಟೆಯನ್ನು ಮೂರು ಭಾಗವಾಗಿ ಎಣಿಸಿ ಒಂದು ಭಾಗವನ್ನು ಗಟ್ಟಿ ಪದಾರ್ಥಕ್ಕೆ, ಒಂದನ್ನು ದ್ರವಕ್ಕೆ, ಉಳಿದುದನ್ನು ವಾತ, ಪಿತ್ತ, ಕಫಗಳ ಸಂಚಾರಕ್ಕೆ ಬಿಡಬೇಕೆಂದು ಹೇಳಿದೆ. ರಾತ್ರಿ ಮೊಸರು ಬೇಡವೆಂದೂ ಅದೇ ಸಂಹಿತೆ ವಿಧಿಸುತ್ತದೆ. ಇಂದಿನ ವಿಜ್ಞಾನವೂ ಇದರಿಂದ ದೂರವಿಲ್ಲ. ಉಂಡ ಅನ್ನದ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಬೆಳಿಗ್ಗೆ ಇದ್ದಷ್ಟು ರಾತ್ರಿ ಇರುವುದಿಲ್ಲ; ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ಏರುವುದು ಸುಲಭ. ಊಟಕ್ಕೂ ನಿದ್ರೆಗೂ ನಡುವೆ ಎರಡು–ಮೂರು ತಾಸಿನ ಅಂತರವಿರಬೇಕು.

"ಡಾಕ್ಟರೇ, ಎಂಟು ಗಂಟೆಗೆ ಉಣ್ಣಿ ಅಂತೀರಿ, ಮಾಡುವವರು ಯಾರು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ದೃಷ್ಟಿಯಲ್ಲಿ ತಡಕ್ಕೆ ಕಾರಣ ಒಲೆಯ ಕೆಲಸಕ್ಕಿಂತ ನಿರ್ಧಾರದ ಕೊರತೆ. ದಣಿದು ಬಂದು, ಏನು ಮಾಡಲಿ ಎಂದು ಡಬ್ಬಿಗಳ ಮುಂದೆ ನಿಲ್ಲುವ ಅರ್ಧ ಗಂಟೆಯೇ ನಮ್ಮನ್ನು ಮ್ಯಾಗಿಯ ಪೊಟ್ಟಣಕ್ಕೂ ರಸ್ತೆ ಬದಿಯ ಗೋಬಿ ಮಂಚೂರಿಗೂ ಒಪ್ಪಿಸುತ್ತದೆ. ಬೆಳಿಗ್ಗೆ ಒಂದು ಪಾತ್ರೆಯಲ್ಲಿ ಏನನ್ನು ನೆನೆಯಿಟ್ಟಿರಿ ಎಂಬುದರ ಮೇಲೆ ರಾತ್ರಿಯ ಊಟ ನಿಂತಿದೆ.

ಮೊದಲು ರೊಟ್ಟಿಯ ವಿಚಾರ. ನಮ್ಮ ಕಡೆ ಹೇಗೂ ಬೆಳಿಗ್ಗೆ ರೊಟ್ಟಿ ಬಡಿಯುತ್ತೇವೆ. ಅದೇ ಕಾದ ಹಂಚಿನ ಮೇಲೆ ರಾತ್ರಿಗೂ ನಾಲ್ಕಾರು ಬಡಿದು, ಆರಿಸಿ, ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಸಂಜೆ ಹಂಚಿನ ಗೊಡವೆಯೇ ಇಲ್ಲ. ರಜೆಯ ದಿನ ಒಟ್ಟಿಗೆ ಕಟಕ ರೊಟ್ಟಿ ಮಾಡಿಟ್ಟುಕೊಂಡರೆ ಹಲವು ವಾರ ಕೆಡುವುದಿಲ್ಲ. ಬಿಸಿ ರೊಟ್ಟಿಯೇ ಬೇಕೆಂದು ರಾತ್ರಿಯೂ ಹಟ ಹಿಡಿಯುವವರು, ಅದನ್ನು ಬಡಿಯುವ ಕೈ ಬೆಳಗಿನಿಂದ ಎಷ್ಟು ದುಡಿದಿದೆ ಎಂಬುದನ್ನು ಒಮ್ಮೆ ನೋಡಬೇಕು. ಹಲ್ಲಿಲ್ಲದ ಹಿರಿಯರಿಗೆ ಕಟಕ ರೊಟ್ಟಿಯನ್ನು ಮುರಿದು ಬಿಸಿ ಸಾರಿನಲ್ಲಿ ನೆನೆಸಿ ಕೊಡಬಹುದು.

ನಮ್ಮ ಬಿಳಿಜೋಳ ಸಾಮಾನ್ಯ ಧಾನ್ಯವಲ್ಲ. ಇಲ್ಲಿ ಮನೆಮಾತಾಗಿರುವ ಮಾಲದಂಡಿ ಎಂ 35–1 ತಳಿ ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಜೋಳದಿಂದಲೇ ಆಯ್ದು ಬೆಳೆಸಿದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಸಕ್ಕರೆ ಕಾಯಿಲೆಯವರು ರಾತ್ರಿ ಅನ್ನದ ರಾಶಿಗಿಂತ ಎರಡು ರೊಟ್ಟಿಯನ್ನು ಆರಿಸಬೇಕೆನ್ನುವುದು ಇದೇ ಕಾರಣಕ್ಕೆ. ಹಾಗೆಂದು ಜೋಳವೆಂಬ ಹೆಸರಿನಲ್ಲಿ ಐದು ರೊಟ್ಟಿ ಉಂಡರೆ ಲಾಭವಿಲ್ಲ. ಅಂದ ಹಾಗೆ, ಹಿಟ್ಟನ್ನು ವಾರಕ್ಕಾಗುವಷ್ಟೇ ಗಿರಣಿ ಹಾಕಿಸಿರಿ; ಹಳತಾದ ಹಿಟ್ಟಿನಲ್ಲಿ ಅಂಟು ಕಡಿಮೆಯಾಗಿ ರೊಟ್ಟಿ ಹರಿಯುತ್ತದೆ.

ಇನ್ನು ರೊಟ್ಟಿಯ ಜೊತೆಗಾರರು. ಹಿಂದಿನ ರಾತ್ರಿ ನೆನೆಯಿಟ್ಟ ಹೆಸರುಕಾಳನ್ನೋ ಮಡಿಕೆ ಕಾಳನ್ನೋ ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಂಜೆಗೆ ಮೊಳಕೆ ಇಣುಕಿರುತ್ತದೆ. ಉಳ್ಳಾಗಡ್ಡಿ, ಜೀರಿಗೆ, ಇಂಗು, ಅರಿಶಿನದ ಒಗ್ಗರಣೆ ಕೊಟ್ಟು, ಸ್ವಲ್ಪ ನೀರು ಹಾಕಿ ಮುಚ್ಚಿ ಬೇಯಿಸಿದರೆ ಇಪ್ಪತ್ತು ನಿಮಿಷದೊಳಗೆ ಪಲ್ಯೆ ಸಿದ್ಧ. ರಾತ್ರಿ ಮೊಳಕೆಕಾಳನ್ನು ಹಸಿಯಾಗಿ ತಿನ್ನಬಾರದು, ವಾತ ಕೆರಳುತ್ತದೆ. ಸಂತೆಯ ಮರುದಿನ ಮತ್ತು ಅದರಾಚೆಯ ದಿನ ತಪ್ಪಲು ಪಲ್ಯೆಗೆ ಮೀಸಲಾಗಲಿ, ಏಕೆಂದರೆ ಸೊಪ್ಪು ಕಾಯುವುದಿಲ್ಲ. ಮೆಂತ್ಯ, ರಾಜಗಿರಿ, ಸಬ್ಬಸಗಿ, ಪುಂಡಿ, ಯಾವುದೇ ಇರಲಿ, ಸಂತೆಯಿಂದ ತಂದ ದಿನವೇ ಮನೆಮಂದಿ ಕುಳಿತು ಸೋಸಿಟ್ಟರೆ ಅರ್ಧ ಕೆಲಸ ಮುಗಿಯಿತು. ಮಕ್ಕಳೂ ಗಂಡಸರೂ ಮಾಡಬಹುದಾದ ಕೆಲಸವಿದು, ಟಿ.ವಿ. ನೋಡುತ್ತಲೇ ಮಾಡಬಹುದು. ಹುಳಿಯಾದ ಪುಂಡಿಯನ್ನು ಆಮ್ಲಪಿತ್ತದವರು ರಾತ್ರಿ ಬಿಟ್ಟು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲಿ.

ತೀರ ದಣಿದ ದಿನಕ್ಕೆ ನಾನು ಹೇಳುವುದು ಜೋಳದ ನುಚ್ಚಿನ ಕಿಚಡಿ. ಒಂದು ಬಟ್ಟಲು ನುಚ್ಚನ್ನು ಬೆಳಿಗ್ಗೆ ತೊಳೆದು ನೆನೆಯಿಡಿ. ಬೇಸಿಗೆಯಲ್ಲಿ ಮಧ್ಯಾಹ್ನ ನೆನೆಯಿಟ್ಟರೂ ಸಾಕು, ಇಲ್ಲವಾದರೆ ಹುಳಿ ಬರುತ್ತದೆ. ಸಂಜೆ ಅರ್ಧ ಬಟ್ಟಲು ಹೆಸರುಬೇಳೆ, ಕೈಗೆ ಸಿಕ್ಕ ಗಜ್ಜರಿ ಅಥವಾ ಸೋರೆ, ಶುಂಠಿ, ಜೀರಿಗೆ, ಅರಿಶಿನ, ಉಪ್ಪು ಮತ್ತು ಆರು ಬಟ್ಟಲು ನೀರು ಸೇರಿಸಿ ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ. ಮೇಲೆ ಒಂದು ಚಮಚ ತುಪ್ಪ. ಒಲೆ ಆರಿಸಿ ಸಂಜೆಯ ಲಿಂಗಪೂಜೆಗೆ ಕುಳಿತರೆ, ಪೂಜೆ ಮುಗಿಯುವಷ್ಟರಲ್ಲಿ ಆವಿ ತಾನಾಗಿ ಇಳಿದಿರುತ್ತದೆ. ಮಗುವಿಗೂ ಮುದುಕರಿಗೂ ಒಂದೇ ಪಾತ್ರೆ, ತೊಳೆಯಲಿಕ್ಕೂ ಒಂದೇ.

ಝುಣಕ ಹತ್ತೇ ನಿಮಿಷದಲ್ಲಿ ಆಗುವುದು ನಿಜ. ಆದರೆ ಕಡಲೆಹಿಟ್ಟು ಪಚನಕ್ಕೆ ಗುರು. ವಾರಕ್ಕೊಮ್ಮೆ, ಅದೂ ಬೇಗ ಉಣ್ಣುವ ದಿನ ಮಾಡಿರಿ; ಅಜವಾನ ಮರೆಯಬೇಡಿ. ಏನೂ ಸಾಧ್ಯವಿಲ್ಲದ ದಿನ ರೊಟ್ಟಿ, ತಿಳಿ ಮಜ್ಜಿಗೆ, ಗುರೆಳ್ಳು ಅಥವಾ ಅಗಸಿ ಹಿಂಡಿ, ಒಂದು ಸೌತೆಕಾಯಿ. ಇದು ಬಡವರ ಊಟವೆಂದು ನಾಚುವವರನ್ನು ಕಂಡಿದ್ದೇನೆ. ನಾಚಬೇಕಾದದ್ದು ಕರಿದ ಎಣ್ಣೆಯಲ್ಲೇ ಮತ್ತೆ ಕರಿದ ಪದಾರ್ಥಕ್ಕೆ. ಹಿಂಡಿ ಮಾತ್ರ ಒಂದೆರಡು ಚಮಚ ಮೀರದಿರಲಿ. ಅದರಲ್ಲಿ ಎಣ್ಣೆಯಂಶವಿದೆ, ಖಾರವಿದೆ. ರಕ್ತದೊತ್ತಡದವರು ಉಪ್ಪು ಕಡಿಮೆ ಹಾಕಿ ಬೇರೆ ಕುಟ್ಟಿಕೊಳ್ಳಬೇಕು.

ಮಧ್ಯಾಹ್ನದ ಅನ್ನ ಉಳಿದರೆ ಬೇಗನೆ ತಣಿಸಿ ಫ್ರಿಜ್ಜಿನಲ್ಲಿಡಿ. ನಮ್ಮ ಬಿಸಿಲಿನಲ್ಲಿ ಇಡೀ ದಿನ ಹೊರಗಿದ್ದ ಅನ್ನದಲ್ಲಿ ಬೆಳೆಯುವ ವಿಷ ಚಿತ್ರಾನ್ನಕ್ಕಾಗಿ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ಲೇಖನ ಓದಿ ರಾತ್ರಿಯ ಊಟ ಬಿಡಬಾರದು. ಊಟದ ಹೊತ್ತು ಬದಲಿಸುವ ಮುನ್ನ ಔಷಧ ಕೊಟ್ಟ ವೈದ್ಯರಿಗೆ ತಿಳಿಸಿರಿ. ಮೂತ್ರಪಿಂಡದ ತೊಂದರೆಯುಳ್ಳವರು ಕಾಳು–ಬೇಳೆಯ ಪ್ರಮಾಣವನ್ನೂ ಕೇಳಿಕೊಳ್ಳಬೇಕು. ರಾತ್ರಿ ಕರೆಂಟ್ ಬಂದಾಗ ಬೆಳೆಗೆ ನೀರು ಹಾಯಿಸಲು ಹೋಗುವವರು ಎಂಟಕ್ಕೇ ಉಂಡು ಹೊರಡಲಿ, ಜೊತೆಗೊಂದು ಬಾಟಲಿ ಜೋಳದ ಅಂಬಲಿ ಒಯ್ಯಲಿ; ನಡುರಾತ್ರಿ ಮರಳಿ ಬಂದು ಮತ್ತೆ ತಾಟಿನ ಮುಂದೆ ಕೂಡುವ ಅಗತ್ಯ ಬೀಳುವುದಿಲ್ಲ.